ಹಳೇ ಪೇಟಿಯನ್ನು ತೂಕಕ್ಕೆ ಹಾಕುವ ಮುಂಚೆ: ಭಜನಾ ಮಂಡಳಿ, ಬಯಲಾಟ ಮೇಳಗಳ ಹಿರಿಯರಿಗೆ ಒಂದು ಬಹಿರಂಗ ಪತ್ರ

ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳ ಭಜನಾ ಮಂಡಳಿ, ಬಯಲಾಟ ಮೇಳ ಮತ್ತು ದೇವಸ್ಥಾನ ಸಮಿತಿಗಳ ಹಿರಿಯರಿಗೆ,
ಹಾಗೂ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಅಧಿಕಾರಿಗಳಿಗೆ

ಮಾನ್ಯರೇ,

ನಾನು ಸಿರುಗುಪ್ಪ ತಾಲೂಕಿನ ಒಂದು ಹಳ್ಳಿಯವಳು. 33 ವರ್ಷ ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳಿ ಈಗ ನಿವೃತ್ತಳಾಗಿದ್ದೇನೆ. ಆದರೆ ಊರಲ್ಲಿ ಇವತ್ತಿಗೂ ನನ್ನನ್ನು ಗುರುತು ಹಿಡಿಯುವುದು ಪೇಟಿ ಮಾಸ್ತರರ ಮಗಳು ಅಂತಲೇ. ಆ ಪೇಟಿಯ, ಅಂದರೆ ಹಾರ್ಮೋನಿಯಂನ ವಿಷಯವಾಗಿಯೇ ಈ ಪತ್ರ ಬರೆಯುತ್ತಿದ್ದೇನೆ.

ನಮ್ಮಪ್ಪನದು ಕಾಲುಪೇಟಿ. ಕಾಲಿನಿಂದ ತಿದಿ ಒತ್ತುತ್ತಾ ಎರಡೂ ಕೈಯನ್ನು ಮನೆಗಳ, ಅಂದರೆ ಬೆರಳಿನಿಂದ ಒತ್ತುವ ಪಟ್ಟಿಗಳ ಮೇಲೆ ಆಡಿಸುವಂಥದ್ದು. 39 ಮನೆ, ಒಂದೊಂದು ಮನೆಗೂ ಸ್ವರ ನುಡಿಸುವ ಹಿತ್ತಾಳೆಯ ರೀಡು ಎರಡೆರಡು, ಒಟ್ಟು 78. ಮಡಚಿದರೆ ದೊಡ್ಡ ಟ್ರಂಕಿನ ಹಾಗೆ ಕಾಣುತ್ತಿತ್ತು. ಬರ್ಮಾ ತೇಗದ ಮೈ. ಅಪ್ಪ ಒಂದು ನಾಟಕ ಕಂಪನಿಯಲ್ಲಿ ಪೇಟಿ ಬಾರಿಸುತ್ತಿದ್ದರು. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಲಿತು ಬಂದವರೊಬ್ಬರ ಹತ್ತಿರ ಅವರು ಕಲಿತದ್ದು. 1978ರಲ್ಲಿ ಆ ಕಂಪನಿ ಎದ್ದುಹೋಯಿತು. ಆರು ತಿಂಗಳ ಸಂಬಳ ಬಾಕಿ ಇತ್ತು. ಮಾಲೀಕರು ದುಡ್ಡಿಲ್ಲ ಅಂತ ಕೈ ಮುಗಿದು ಈ ಪೇಟಿಯನ್ನೇ ಕೊಟ್ಟರು. ಎತ್ತಿನ ಬಂಡಿಯಲ್ಲಿ ಅದು ನಮ್ಮನೆಗೆ ಬಂದ ದಿನ ನನಗೆ ಚೆನ್ನಾಗಿ ನೆನಪಿದೆ. ಸಂಬಳ ಬರಲಿಲ್ಲ ಅಂತ ಅವ್ವ ಒಂದು ಮಾತೂ ಆಡಲಿಲ್ಲ. ಪೇಟಿಗೆ ಅರಿಶಿನ ಕುಂಕುಮ ಹಚ್ಚಿ ಒಳಗೆ ತೆಗೆದುಕೊಂಡಳು.

ಆಮೇಲೆ ಸುತ್ತಲಿನ ಎಷ್ಟೋ ಊರುಗಳ ಬಯಲಾಟಕ್ಕೆ ಆ ಪೇಟಿ ಹೋಯಿತು. ರಾತ್ರಿ ಹತ್ತಕ್ಕೆ ಶುರುವಾದರೆ ಬೆಳಗಿನ ಜಾವದ ಮಂಗಳದವರೆಗೂ ಅಪ್ಪ ಎದ್ದವರಲ್ಲ. ನಮ್ಮ ಸೀಮೆಯ ಬಿಸಿಲು ಗೊತ್ತಲ್ಲ, ಏಪ್ರಿಲ್ ಬಂತೆಂದರೆ ಕಟ್ಟಿಗೆ ಬಿರಿಯುತ್ತದೆ. ಅದಕ್ಕೇ ಅಪ್ಪ ಬೇಸಿಗೆಯಲ್ಲಿ ಪೇಟಿ ಪಕ್ಕದಲ್ಲಿ ನೀರು ತುಂಬಿದ ಕೊಡ ಇಡುತ್ತಿದ್ದರು. ಹುಳ ಹಿಡಿಯಬಾರದು ಅಂತ ಒಳಗೆ ಒಣಗಿದ ಬೇವಿನ ಎಲೆ ಹಾಕುತ್ತಿದ್ದರು. ನಾವು ಮಕ್ಕಳು ಅದರ ಮೇಲೆ ಕೈ ಇಡುವ ಮುಂಚೆ ಕೈ ತೊಳೆಯಬೇಕಿತ್ತು.

2007ರಲ್ಲಿ ಅಪ್ಪನ ಕೈ ನಡುಗಲು ಶುರುವಾಯಿತು. ಪೇಟಿ ಸುಮ್ಮನೆ ಮೂಲೆಯಲ್ಲಿ ಕೂತರೆ ಕೆಡುತ್ತದೆ, ಬಾರಿಸುವವರ ಕೈಯಲ್ಲಿ ಇರಲಿ ಅಂತ ಊರಿನ ಒಂದು ಭಜನಾ ಮಂಡಳಿಗೆ ಕೊಟ್ಟರು. ಕಾಗದ ಪತ್ರ ಏನೂ ಮಾಡಲಿಲ್ಲ. ಎರಡು ವರ್ಷಕ್ಕೆ ತೀರಿಕೊಂಡರು. ಅವರ ಮಣ್ಣಿನ ದಿನ ರಾತ್ರಿಯಿಡೀ ಭಜನೆ ನಡೆದದ್ದು ಅದೇ ಪೇಟಿಯ ಮೇಲೆ.

ಹೋದ ವರ್ಷ ದೀಪಾವಳಿ ಮುಗಿದ ಮೇಲೆ ಮಂಡಳಿಯವರು ಹೊಸ ಕೀಬೋರ್ಡ್ ತಂದರು. ನಾನು ಆಗ ಮಗಳ ಮನೆಯಲ್ಲಿದ್ದೆ. ತಿಂಗಳು ಬಿಟ್ಟು ಊರಿಗೆ ಬಂದಾಗ ಗುಡಿಯ ಮೂಲೆ ಖಾಲಿ. ಕೇಳಿದೆ. ಹಿರಿಯರೊಬ್ಬರು ಅಂದರು: "ಟೀಚರಮ್ಮ, ಅದ್ರಾಗೆ ಗಾಳೀನೇ ನಿಲ್ತಿದ್ದಿಲ್ಲ. ಇಲಿ ಕಡಿದು ತೂತು ಬಿದ್ದಿತ್ತು. ಜಾಗ ತಿಂತಿತ್ತು ಅಂತ ಗುಜರಿಯವ್ನಿಗೆ ಕೊಟ್ವಿ."

ಎಷ್ಟಕ್ಕೆ ಅಂದೆ. 900 ರೂಪಾಯಿ ಅಂದರು. ಆ ದುಡ್ಡನ್ನು ಕೀಬೋರ್ಡಿನ ಸ್ಟ್ಯಾಂಡಿಗೆ ಸೇರಿಸಿದ್ದರು.

ನಾನು ಅವತ್ತೇ ಆಟೋ ಹಿಡಿದು ಗುಜರಿ ಅಂಗಡಿಗೆ ಹೋದೆ. ತಡವಾಗಿತ್ತು. ಹಿತ್ತಾಳೆ ಬೇರೆ, ಕಬ್ಬಿಣ ಬೇರೆ, ಕಟ್ಟಿಗೆ ಬೇರೆ ಮಾಡಿ ಆಗಿತ್ತು. ರೀಡುಗಳನ್ನೆಲ್ಲ ಕಿತ್ತು ಹಿತ್ತಾಳೆಯ ಮೂಟೆಯಲ್ಲಿ ಕಳಿಸಿಬಿಟ್ಟಿದ್ದರು. ಕಟ್ಟಿಗೆ ಒಲೆಗೆ ಹೋಗಿತ್ತು. ಅಂಗಡಿಯ ಹುಡುಗ ಪಾಪ ನನ್ನ ಮುಖ ನೋಡಿ ಹಿಂದಿನ ರಾಶಿಯಲ್ಲಿ ಹುಡುಕಿದ. ಮುಂದಿನ ಹಲಗೆ ಒಂದು ಸಿಕ್ಕಿತು, ಚಂದ ಇದೆ ಅಂತ ಒಲೆಗೆ ಹಾಕದೆ ಇಟ್ಟಿದ್ದರಂತೆ. ಹಲಗೆಯ ಹಿಂದಿನ ಸಂದಿಯಲ್ಲಿ ಒಂದೇ ಒಂದು ರೀಡು ಸಿಕ್ಕಿಕೊಂಡಿತ್ತು. 50 ರೂಪಾಯಿ ಕೊಟ್ಟು ಎರಡನ್ನೂ ಸೆರಗಿನಲ್ಲಿ ಸುತ್ತಿಕೊಂಡು ಬಂದೆ.

ಮಂಡಳಿಯವರನ್ನು ಕಳ್ಳರು ಅಂತ ನಾನು ಹೇಳುತ್ತಿಲ್ಲ. ಕೀಬೋರ್ಡಿನ ಮೇಲೂ ನನಗೆ ಸಿಟ್ಟಿಲ್ಲ. ಹುಡುಗರು ಭಜನೆಗೆ ಬಂದು ಕೂರುತ್ತಿದ್ದಾರೆ ಅನ್ನುವುದೇ ದೊಡ್ಡದು. ನನ್ನ ಸಂಕಟ ಬೇರೆ. ಕೊಡುವ ಮುಂಚೆ ಒಂದು ಮಾತು ಕೇಳಬಹುದಿತ್ತು, ಅಲ್ವಾ? ಬಾರಿಸುವವರನ್ನು ಒಬ್ಬರನ್ನಾದರೂ ಕರೆದು ತೋರಿಸಬಹುದಿತ್ತು. ಗಾಳಿ ನಿಲ್ಲದೆ ಹೋದರೆ ಅದು ತಿದಿಯ ತೊಂದರೆ. ಬಟ್ಟೆ, ಚರ್ಮ ಬದಲಾಯಿಸಿದರೆ ಸರಿಹೋಗುತ್ತದೆ. ಸ್ವರ ಹುಟ್ಟುವುದು ರೀಡಿನಲ್ಲಿ. ಹಿತ್ತಾಳೆಯ ಒಂದು ಪಟ್ಟಿ, ಅದರ ಮೇಲೆ ಒಂದು ತುದಿಗೆ ಮಾತ್ರ ಬಿಗಿದ ತೆಳುವಾದ ನಾಲಗೆ, ಅಷ್ಟೇ. ನಾಲಗೆಯ ತುದಿಯನ್ನು ಕೂದಲೆಳೆಯಷ್ಟು ಉಜ್ಜಿದರೆ ಸ್ವರ ಏರುತ್ತದೆ, ಬುಡದಲ್ಲಿ ಉಜ್ಜಿದರೆ ಇಳಿಯುತ್ತದೆ. ಒಬ್ಬ ಮನುಷ್ಯ ಕಿವಿ ಕೊಟ್ಟು ಕೂತು 78 ಸಲ ಹೀಗೆ ಉಜ್ಜಿದ್ದಾನೆ. ಅಂಥದ್ದನ್ನು ಕಿಲೋ ಲೆಕ್ಕದಲ್ಲಿ ಮಾರಿದ್ದೀರಿ ಅನ್ನುವುದು ನನ್ನ ದೂರು.

ಹಲಗೆಯ ಮೇಲೆ ಒಂದು ಹೆಸರುಪಟ್ಟಿ ಇತ್ತು. ಕಂಪನಿಯ ಹೆಸರಿನ ಮೊದಲರ್ಧ ಕಿತ್ತುಹೋಗಿತ್ತು. ಉಳಿದದ್ದು ಇಂಗ್ಲಿಷಿನಲ್ಲಿ "ಅಂಡ್ ಸನ್ಸ್, ಲೋಯರ್ ಚಿತ್ಪುರ್ ರೋಡ್, ಕಲ್ಕತ್ತಾ" ಅಂತ. ಅಪ್ಪ ಬದುಕಿದ್ದಾಗ ಅದನ್ನು ಎಷ್ಟು ಸಾರಿ ಒರೆಸಿದ್ದೆನೋ, ಒಂದು ಸಾರಿಯೂ ಓದಿರಲಿಲ್ಲ. ಪೇಟಿ ಹೋದ ಮೇಲೆ ಓದಿದೆ. ಇದು ಎಲ್ಲಿ ಹುಟ್ಟಿತು ಅಂತಾದರೂ ನೋಡಿ ಬರಬೇಕು ಅನ್ನಿಸಿತು. ಅಪ್ಪನ ಊರು ನೋಡಿದ್ದೇನೆ, ಅಪ್ಪನ ಪೇಟಿಯ ಊರು ನೋಡಿಲ್ಲವಲ್ಲ ಅನ್ನುವ ಭಾವನೆ.

ನಮ್ಮ ಬಳ್ಳಾರಿಯಿಂದಲೇ ಕಲ್ಕತ್ತಾದ ಪಕ್ಕದ ಹೌರಾಕ್ಕೆ ರೈಲಿದೆ, ಅಮರಾವತಿ ಎಕ್ಸ್‌ಪ್ರೆಸ್. ವಾಸ್ಕೋದಿಂದ ಬಂದು ಕೊಪ್ಪಳ, ಹೊಸಪೇಟೆ, ಬಳ್ಳಾರಿ ದಾಟಿ ಗುಂತಕಲ್ಲು, ವಿಜಯವಾಡದ ಮೇಲೆ ಹೋಗುತ್ತದೆ. ಅಕ್ಕನ ಮಗನನ್ನು ಜೊತೆ ಮಾಡಿಕೊಂಡು ಹೊರಟೆ. ಅವನಿಗೆ ಹಿಂದಿ ಬರುತ್ತದೆ. ಹಲಗೆಯನ್ನು ಹಳೇ ಇಳಕಲ್ ಸೀರೆಯಲ್ಲಿ ಸುತ್ತಿ ಮಡಿಲಲ್ಲೇ ಇಟ್ಟುಕೊಂಡಿದ್ದೆ.

ಚಿತ್ಪುರ್ ರೋಡಿಗೆ ಈಗ ರವೀಂದ್ರ ಸರಣಿ ಅಂತ ಹೆಸರು. ಲಾಲ್‌ಬಜಾರ್ ಹತ್ತಿರ ಆ ರಸ್ತೆಯಲ್ಲಿ ಇವತ್ತಿಗೂ ಸಾಲಾಗಿ ವಾದ್ಯದ ಅಂಗಡಿಗಳು. ಹಾರ್ಮೋನಿಯಂ, ತಬಲಾ, ಸಿತಾರ್, ಗಿಟಾರ್. ನಾನು ಪ್ರತಿ ಅಂಗಡಿಯ ಮುಂದೆಯೂ ನಿಂತು ಸೀರೆ ಬಿಚ್ಚಿ ಹಲಗೆ ತೋರಿಸಿದೆ. ಮೊದಲನೇ ದಿನ ಯಾರಿಗೂ ಗುರುತು ಸಿಗಲಿಲ್ಲ. ಕೆಲವರು ಹೊಸ ಪೇಟಿ ತೋರಿಸಿ ತಗೊಳ್ಳಿ ಅಂದರು. ಎರಡನೇ ದಿನ ಮಧ್ಯಾಹ್ನ ಒಬ್ಬ ಮುದುಕರು ಸಿಕ್ಕರು. ಸಣ್ಣ ಅಂಗಡಿ, ರಿಪೇರಿ ಮಾತ್ರ ಮಾಡುತ್ತಾರೆ. ಅವರು ಹೆಸರುಪಟ್ಟಿ ನೋಡಲೇ ಇಲ್ಲ. ಹಲಗೆಯನ್ನು ತಿರುಗಿಸಿ ಹಿಂಬದಿಯನ್ನು ಬಟ್ಟೆಯಿಂದ ಒರೆಸಿದರು. ಸೀಸದ ಕಡ್ಡಿಯಲ್ಲಿ ಬರೆದ ಒಂದು ನಂಬರು, ಅದರ ಕೆಳಗೆ ಬಂಗಾಳಿಯಲ್ಲಿ ಎರಡು ಅಕ್ಷರ. ಇಷ್ಟು ವರ್ಷ ನಮ್ಮ ಮನೆಯಲ್ಲಿದ್ದ ಬರಹ ಅದು. ಸ್ವರ ಕೂಡಿಸಿದ ಕೆಲಸಗಾರನ ಹೆಸರಿನ ಅಕ್ಷರ ಅಂತ ಹೇಳಿದರು. ಮಾಡಿದವರು ಒಳಗಡೆ ಹೀಗೆ ಗುರುತು ಹಾಕುವ ಪದ್ಧತಿ ಇತ್ತಂತೆ.

ಆಮೇಲೆ ನನ್ನ ಕೈಲಿದ್ದ ಒಂದು ರೀಡನ್ನು ತೆಗೆದುಕೊಂಡು ಬೆಳಕಿಗೆ ಹಿಡಿದರು. ಅದರ ಮೇಲೆ ಸಣ್ಣದಾಗಿ ಪ್ಯಾರಿಸ್ ಅಂತ ಒತ್ತಿತ್ತು. ಹಾರ್ಮೋನಿಯಂ ಹುಟ್ಟಿದ್ದೂ ಪ್ಯಾರಿಸ್‌ನಲ್ಲೇ. ಅಲೆಕ್ಸಾಂದ್ರ್ ದೆಬಾಂ ಅನ್ನುವವರು 1842ರಲ್ಲಿ ಅದಕ್ಕೆ ಪೇಟೆಂಟ್ ಪಡೆದರು. ಕಲ್ಕತ್ತಾದಲ್ಲಿ ದ್ವಾರಕಾನಾಥ ಘೋಷ್ 1875ರಲ್ಲಿ ಅಂಗಡಿ ಹಾಕಿ, ನಮ್ಮ ಜನ ನೆಲದ ಮೇಲೆ ಕೂತು ಒಂದು ಕೈಯಲ್ಲಿ ತಿದಿ ಒತ್ತುವಂಥ ಪೇಟಿಯನ್ನು ಮಾಡಿದರು. ಹಿಂದೆ ಕಟ್ಟಿಗೆ ಕೆಲಸ ಇಲ್ಲಿ, ರೀಡು ಮಾತ್ರ ಹಡಗಿನಲ್ಲಿ ಫ್ರಾನ್ಸಿನಿಂದಲೋ ಜರ್ಮನಿಯಿಂದಲೋ ಬರುತ್ತಿತ್ತು. ಈಗ ಗುಜರಾತಿನ ಪಾಲಿತಾಣ ರೀಡಿಗೆ ಹೆಸರುವಾಸಿ. ನಮ್ಮ ಪೇಟಿಯ ನಾಲಗೆ ಫ್ರಾನ್ಸಿನದು, ಮೈ ಬರ್ಮಾದ್ದು, ಕಟ್ಟಿದವರು ಬಂಗಾಳದವರು, ಅದು ಹಾಡಿದ್ದು ಮಾತ್ರ ಕನ್ನಡ. ಇದು ನನಗೆ ಗೊತ್ತಾದದ್ದು ಪೇಟಿ ಹೋದ ಮೇಲೆ.

"ಬಾಕಿ ರೀಡುಗಳು ಎಲ್ಲಿ?" ಅಂತ ಮುದುಕರು ಕೇಳಿದರು. ನಾನು ಅಕ್ಕನ ಮಗನ ಮುಖ ನೋಡಿದೆ. ಅವನು ತಲೆ ತಗ್ಗಿಸಿ, ತೂಕಕ್ಕೆ ಹಾಕಿಬಿಟ್ಟರು ಅಂದ. ಅವರು ಬೈಯಲಿಲ್ಲ. ಏನೂ ಅನ್ನಲಿಲ್ಲ. ಮೇಜಿನ ಖಾನೆಯಿಂದ ಸಣ್ಣ ಬ್ರಷ್ ತೆಗೆದು ಆ ಒಂದು ರೀಡಿನ ಧೂಳನ್ನು ಬಿಡಿಸಲು ಕೂತರು. ಹತ್ತು ನಿಮಿಷ ಆಗಿರಬೇಕು. ಆಮೇಲೆ ತುಟಿಗೆ ಹಿಡಿದು ಊದಿದರು.

ಮಾನ್ಯರೇ, ಅದು ನುಡಿಯಿತು.

ಪಕ್ಕದಲ್ಲಿದ್ದ ಇನ್ನೊಂದು ಪೇಟಿಗೆ ಹೋಲಿಸಿ ನೋಡಿ ಬಿಳಿ ಆರು, ಅಂದರೆ ಆರನೇ ಬಿಳಿ ಮನೆಯ ಸ್ವರ ಅಂದರು. ಅಪ್ಪ ಹಾಡುತ್ತಿದ್ದದ್ದು ಕರಿ ಒಂದಕ್ಕೆ, ಮೊದಲನೇ ಕರಿ ಮನೆಗೆ. ಕರಿ ಒಂದನ್ನು ಷಡ್ಜ ಹಿಡಿದರೆ ಬಿಳಿ ಆರು ಕೋಮಲ ಧೈವತ. ಬೆಳಗಿನ ಜಾವ ಆಟ ಮುಗಿಸುವಾಗ ಅಪ್ಪ ಭೈರವಿ ರಾಗ ಹಿಡಿಯುತ್ತಿದ್ದರು, ಅದರಲ್ಲಿ ಬರುವ ಸ್ವರ. ನಾನು ಅಂಗಡಿಯ ಮೆಟ್ಟಿಲ ಮೇಲೆ ಕೂತುಬಿಟ್ಟೆ.

ಸಂಜೆ ಅವರೇ ನಮ್ಮನ್ನು ಹಿಂದಿನ ಓಣಿಗೆ ಕರೆದುಕೊಂಡು ಹೋದರು. ಮೂರು ಅಂತಸ್ತಿನ ಹಳೇ ಮನೆ. ಗೋಡೆಯಲ್ಲಿ ಆಲದ ಸಸಿ ಬೆಳೆದಿತ್ತು. ಕೆಳಗಿನ ಅಂತಸ್ತಿನಲ್ಲಿ ಕಾರ್ಖಾನೆ ಇತ್ತಂತೆ. ಈಗ ಪ್ಲಾಸ್ಟಿಕ್ ಡಬ್ಬಿಗಳ ಗೋದಾಮು. ಕಾವಲಿನವರು ಐದು ನಿಮಿಷ ಒಳಗೆ ಬಿಟ್ಟರು. ಡಬ್ಬಿಗಳ ಹಿಂದೆ ಗೋಡೆಗೆ ಸೇರಿಸಿದ ಉದ್ದನೆಯ ಕೆಲಸದ ಮೇಜು ಹಾಗೇ ಇತ್ತು. ಬಾಗಿಲಲ್ಲಿ ಹಿಡಿಸದ್ದಕ್ಕೆ ಯಾರೂ ಹೊರಗೆ ಒಯ್ದಿರಲಿಲ್ಲ. ಕಿಟಕಿಯ ಮರದ ಕಟ್ಟೆಯಲ್ಲಿ ಬೆರಳಗಲದ ಒಂದು ತಗ್ಗು. ರೀಡು ಇಟ್ಟು ಉಜ್ಜಿ ಉಜ್ಜಿ ಸವೆದದ್ದು ಅಂದರು. ಸ್ವರ ಕೂಡಿಸುವವರು ಬೆಳಕಿಗಾಗಿ ಕಿಟಕಿಯ ಹತ್ತಿರವೇ ಕೂರುತ್ತಿದ್ದರಂತೆ. ಆ ತಗ್ಗಿನಲ್ಲಿ ನಮ್ಮ ರೀಡನ್ನು ಇಟ್ಟು ನೋಡಿದೆ. ದಕ್ಷಿಣದ ನಾಟಕ ಕಂಪನಿಯವರು ರೈಲಿನಲ್ಲಿ ಬಂದು ಪೇಟಿ ಒಯ್ಯುತ್ತಿದ್ದರು ಅಂತ ತಮ್ಮ ತಂದೆ ಹೇಳುತ್ತಿದ್ದದ್ದನ್ನು ಮುದುಕರು ನೆನೆದರು. ಬಳ್ಳಾರಿ ಅನ್ನುವ ಹೆಸರನ್ನು ಎರಡು ಸಾರಿ ಅಂದು ನೋಡಿದರು.

ಒಂದು ಹಲಗೆ ಉಳಿದದ್ದಕ್ಕೆ ಇಷ್ಟು ಸಿಕ್ಕಿತು. ಅದೂ ಒಲೆಗೆ ಹೋಗಿದ್ದರೆ ಏನೂ ಇರುತ್ತಿರಲಿಲ್ಲ. ಈಗ ನಿಮ್ಮನ್ನು ಕೇಳುತ್ತೇನೆ. ನಮ್ಮ ಮೂರು ಜಿಲ್ಲೆಗಳ ಗುಡಿಗಳಲ್ಲಿ, ಮಠಗಳಲ್ಲಿ, ಆಟದ ಮೇಳದವರ ಅಟ್ಟಗಳಲ್ಲಿ ಇಂಥ ಪೇಟಿಗಳು ಇನ್ನೂ ಇವೆ. ನಾನೇ ಕಣ್ಣಾರೆ ಕಂಡಿದ್ದೇನೆ. ಒಂದರ ಮೇಲೆ ತೆಂಗಿನಕಾಯಿ ಚೀಲ ಇಟ್ಟಿದ್ದರು. ಇನ್ನೊಂದು ಮಳೆ ಸೋರುವ ಕಡೆ ಇತ್ತು. ಇದು ರಂಗಭೂಮಿಯ ಸೀಮೆ. ಬಳ್ಳಾರಿ ರಾಘವರ ಊರು, ಜೋಳದರಾಶಿ ದೊಡ್ಡನಗೌಡರ ಊರು. 2020ರಲ್ಲಿ ತೀರಿಕೊಂಡ ಸುಭದ್ರಮ್ಮ ಮನ್ಸೂರ್ ಅವರು ರಂಗಗೀತೆ ಎತ್ತಿದರೆ ಹಿಂದೆ ಪೇಟಿ ಇರಲೇಬೇಕಿತ್ತು. ಆಕಾಶವಾಣಿಯವರು 1940ರಲ್ಲಿ ಹಾರ್ಮೋನಿಯಂ ನಮ್ಮ ಸಂಗೀತಕ್ಕೆ ಹೊಂದುವುದಿಲ್ಲ ಅಂತ ಹೊರಗಿಟ್ಟಿದ್ದರು. ರವೀಂದ್ರನಾಥ ಠಾಕೂರರಿಗೂ ಅದು ಇಷ್ಟವಿರಲಿಲ್ಲ. ಆ ನಿಷೇಧ ಸಡಿಲವಾದದ್ದು 1971ರಲ್ಲಿ. ಅಷ್ಟು ವರ್ಷ ರೇಡಿಯೋದಲ್ಲಿ ಜಾಗವಿಲ್ಲದ ಪೇಟಿಗೆ ನಮ್ಮ ಹಳ್ಳಿಯ ಕಟ್ಟೆಗಳು ಜಾಗ ಕೊಟ್ಟವು, ನಿಮ್ಮ ಅಪ್ಪ, ಅಜ್ಜಂದಿರೇ ಕೊಟ್ಟರು. ಅವರು ಸಾಕಿದ್ದನ್ನು ನಾವು ಗುಜರಿಗೆ ಹಾಕುವುದು ಬೇಡ ಅಂತ ಕೈ ಮುಗಿದು ಕೇಳುತ್ತೇನೆ.

ಮಂಡಳಿ, ಮೇಳಗಳ ಹಿರಿಯರಲ್ಲಿ ನನ್ನ ಬೇಡಿಕೆ ದೊಡ್ಡದೇನಲ್ಲ. ಹೊಸದು ತರುವುದಾದರೆ ತನ್ನಿ. ಹಳೆಯದನ್ನು ಕೊಡುವ ಮುಂಚೆ ಅದನ್ನು ಬಾರಿಸಿದವರ ಮನೆಯವರಿಗೆ ಒಂದು ಮಾತು ಹೇಳಿ. ಮುಚ್ಚಳ ತೆಗೆದು ಒಳಗೆ ನೋಡಿ. ಹೆಸರುಪಟ್ಟಿ, ನಂಬರು, ರೀಡಿನ ಮೇಲಿನ ಅಕ್ಷರ ಏನಿದ್ದರೂ ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ. ಹಲಗೆಯ ಹಿಂಬದಿಯನ್ನು ಮರೆಯಬೇಡಿ. ಯಾರ ಕಾಲದಲ್ಲಿ ಬಂತು, ಯಾರು ಬಾರಿಸಿದರು ಅಂತ ಮಂಡಳಿಯ ಲೆಕ್ಕದ ಪುಸ್ತಕದಲ್ಲೇ ಎರಡು ಸಾಲು ಬರೆಯಿರಿ. ಮಾರಲೇಬೇಕಾದರೆ ಬಾರಿಸುವವರಿಗೆ ಮಾರಿ, ಅಥವಾ ರಿಪೇರಿ ಮಾಡುವವರಿಗೆ ಕೊಡಿ. ಹಳೇ ರೀಡು ಸಿಕ್ಕರೆ ಅವರು ಕಣ್ಣಿಗೆ ಒತ್ತಿಕೊಳ್ಳುತ್ತಾರೆ.

ಇಲಾಖೆಯ ಅಧಿಕಾರಿಗಳಲ್ಲಿ ಎರಡು ವಿನಂತಿ. ಸಂಘ ಸಂಸ್ಥೆಗಳಿಗೆ ವಾದ್ಯ ಖರೀದಿಗೆ ಧನಸಹಾಯ ಕೊಡುವಾಗ ಅರ್ಜಿಯಲ್ಲಿ ಒಂದು ಸಾಲು ಸೇರಿಸಿ: ನಿಮ್ಮಲ್ಲಿರುವ ಹಳೇ ವಾದ್ಯ ಯಾವುದು, ಅದನ್ನು ಏನು ಮಾಡುತ್ತೀರಿ? ಅಷ್ಟು ಕೇಳಿದರೆ ಸಾಕು, ಅರ್ಜಿ ಬರೆಯುವವರು ಒಂದು ಸಾರಿ ಮೂಲೆಯ ಕಡೆ ನೋಡುತ್ತಾರೆ. ರಿಪೇರಿಯ ಖರ್ಚಿಗೂ ಸಹಾಯ ಸಿಗುವ ಹಾಗೆ ಆದರೆ ಇನ್ನೂ ಒಳ್ಳೆಯದು. ಎರಡನೆಯದು, ಹಂಪಿಯ ಕನ್ನಡ ವಿಶ್ವವಿದ್ಯಾಲಯ ನಮ್ಮ ಬಾಗಿಲಲ್ಲೇ ಇದೆ, ಬಾಗಲಕೋಟೆಯಲ್ಲಿ ಬಯಲಾಟ ಅಕಾಡೆಮಿ ಇದೆ. ಅವರ ಜೊತೆ ಸೇರಿ ನಮ್ಮ ಹಳ್ಳಿಗಳಲ್ಲಿ ಉಳಿದಿರುವ ಪೇಟಿ, ಮದ್ದಲೆ, ಮುಖವೀಣೆಗಳ ಒಂದು ಪಟ್ಟಿ ಮಾಡಿಸಿ. ವಿದ್ಯಾರ್ಥಿಗಳು ರಜೆಯಲ್ಲಿ ಊರೂರು ಸುತ್ತಿ ಬರೆದುಕೊಂಡು ಬರಬಹುದು. ಹಳೇ ಪೇಟಿ ಮಾಸ್ತರರು ಇನ್ನೂ ಬದುಕಿದ್ದಾರೆ. ಅವರಿಗೆ ತಮ್ಮ ಪೇಟಿಯ ಕಥೆ ಗೊತ್ತಿರುತ್ತದೆ. ಆದರೆ ಅವರಿಗೆ ವಯಸ್ಸಾಗುತ್ತಿದೆ, ಬೇಗ ಆಗಬೇಕು. ನಾನೂ ಬರುತ್ತೇನೆ. ಮೊದಲು ನಮ್ಮ ಸಿರುಗುಪ್ಪ ತಾಲೂಕಿನಿಂದ ಶುರುಮಾಡಿ, ಊಟ, ವಸತಿ ನಮ್ಮ ಮನೆಯಲ್ಲೇ ಆಗಲಿ.

ನಮ್ಮೂರ ಮಂಡಳಿಯವರಿಗೂ ಒಂದು ಮಾತು. ಇದನ್ನು ಓದಿ ಬೇಸರ ಮಾಡಿಕೊಳ್ಳಬೇಡಿ. ಸೋಮವಾರದ ಭಜನೆಗೆ ನಾನು ಮೊದಲಿನಂತೆಯೇ ಬರುತ್ತೇನೆ. ಆ ಹಲಗೆಯನ್ನು ಗುಡಿಯ ಗೋಡೆಗೆ ಹಾಕಲು ಜಾಗ ಕೊಡಿ. ಅದರ ಪಕ್ಕದಲ್ಲಿ ಅಪ್ಪನ ಹೆಸರಿನ ಜೊತೆಗೆ, ಅಪ್ಪನಿಗಿಂತ ಮುಂಚೆ ಮತ್ತು ಆಮೇಲೆ ಅದನ್ನು ಬಾರಿಸಿದ ಎಲ್ಲರ ಹೆಸರನ್ನೂ ಬರೆಸುತ್ತೇನೆ. ಹಿಂಬದಿಯ ಆ ಎರಡು ಬಂಗಾಳಿ ಅಕ್ಷರವನ್ನೂ.

ಉಳಿದ ಆ ಒಂದು ರೀಡು ಈಗ ಅಪ್ಪನ ಕನ್ನಡಕದ ಡಬ್ಬಿಯಲ್ಲಿದೆ. ಅದನ್ನು ಅಲ್ಲೇ ಇಟ್ಟುಕೊಳ್ಳುವ ಆಸೆ ನನಗಿಲ್ಲ. ನಿಮ್ಮೂರ ಹಳೇ ಪೇಟಿಯಲ್ಲಿ ಬಿಳಿ ಆರರ ರೀಡು ಹೋಗಿದ್ದರೆ, ಇದು ಅದರೊಳಗೆ ಕೂರುವಂತಿದ್ದರೆ ನನಗೆ ಹೇಳಿಕಳಿಸಿ. ನಾನೇ ತಂದು ಹಾಕಿಸಿಕೊಡುತ್ತೇನೆ.

ಇಂತಿ ನಿಮ್ಮ,
ಪೇಟಿ ಮಾಸ್ತರರ ಮಗಳು
ಸಿರುಗುಪ್ಪ ತಾಲೂಕು, ಬಳ್ಳಾರಿ ಜಿಲ್ಲೆ